ರೊಟ್ಟಿಗೆ ತುಪ್ಪ ಯಾವಾಗ ಬಂತು?

ರಾಣೇಬೆನ್ನೂರಿನ ಬಸ್ ಸ್ಟ್ಯಾಂಡಿನಿಂದ ಸ್ವಲ್ಪ ದೂರದ ಒಂದು ಖಾನಾವಳಿ. ಮಧ್ಯಾಹ್ನ ಎರಡೂವರೆ. ಕೂರುವ ಮೊದಲೇ ಹೇಳಿದ್ದೆ, "ಹಾಲು, ಮೊಸರು, ತುಪ್ಪ, ಬೆಣ್ಣೆ ಯಾವುದೂ ಬ್ಯಾಡ್ರಿ." ಮಾಲೀಕರು ಸರಿ ಅಂದರು. ತಾಟು ಬಂತು. ರೊಟ್ಟಿ, ಎಣ್ಣೆಗಾಯಿ, ಮಡಕಿಕಾಳು ಪಲ್ಯ, ಜೊತೆಗೆ ಶೇಂಗಾ ಹಿಂಡಿ. ಹಿಂಡಿಗೆ ಮೊಸರು ಕಲಸಿಯೇ ತಂದಿದ್ದರು. ವಾಪಸ್ ಕೊಟ್ಟೆ. ಬೇರೆ ಹಿಂಡಿ ಬಂತು, ಆದರೆ ಈ ಸಲ ರೊಟ್ಟಿಯ ಮೇಲೆ ತುಪ್ಪ ಹೊಳೆಯುತ್ತಿತ್ತು. "ಅಷ್ಟೇನ್ ಹಾಕಿಲ್ರೀ, ಮ್ಯಾಲ ಸವರೇವಿ ಅಷ್ಟ" ಅಂದರು. ಅದೂ ವಾಪಸ್. ಕೊನೆಗೆ ಅವರು ಬಂದು ಎದುರಿಗೇ ಕೂತು, ದನಿ ತಗ್ಗಿಸಿ ಕೇಳಿದರು, "ಯಾಕ್ರೀ, ಮೈಯಾಗ ಆರಾಮಿಲ್ಲೇನು?"

ಆರಾಮಿರಲಿಲ್ಲ ಅನ್ನೋದು ನಿಜವೇ. ಮೂರು ವರ್ಷದ ಹಿಂದೆ ಡಾಕ್ಟರು ಹಾಲು ಬಿಡಿ ಅಂದರು. ಬಿಟ್ಟೆ, ಹೊಟ್ಟೆ ಸುಮ್ಮನಾಯಿತು. ಆಮೇಲೆ ಡೇರಿ ಕರುಗಳ ಬಗ್ಗೆ ಓದಿದ್ದು, ನೋಡಿದ್ದು ಸೇರಿ, ಬಿಟ್ಟದ್ದು ಹಾಗೇ ಉಳಿಯಿತು. ಬೆಂಗಳೂರಿನಲ್ಲಿ ಇದು ದೊಡ್ಡ ವಿಷಯವಲ್ಲ. ಇಂದಿರಾನಗರದಲ್ಲಿ ಓಟ್ಸ್ ಹಾಲಿನ ಕಾಫಿಗೆ ನೂರು ರೂಪಾಯಿ ಹೆಚ್ಚು ಕೊಟ್ಟರೆ ಯಾರೂ ಏನೂ ಕೇಳಲ್ಲ. ಆದರೆ ಕೆಲಸದ ಮೇಲೆ ನಾಲ್ಕು ದಿನ ಹಾವೇರಿ, ರಾಣೇಬೆನ್ನೂರು, ಬ್ಯಾಡಗಿ ಸುತ್ತುವಾಗ ಹೊಟ್ಟೆಗಿಂತ ಮುಖಕ್ಕೇ ಹೆಚ್ಚು ಕಷ್ಟ. ತುಪ್ಪ ಬೇಡ ಅಂದರೆ ಇಲ್ಲಿ ಜನ ಸಿಟ್ಟಾಗಲ್ಲ, ನೊಂದುಕೊಳ್ಳುತ್ತಾರೆ. ತಾವು ಕೊಟ್ಟ ಮರ್ಯಾದೆಯನ್ನೇ ಬೇಡ ಅಂದ ಹಾಗೆ.

ಆವತ್ತು ರಾತ್ರಿ ಲಾಡ್ಜಿನಲ್ಲಿ ಹಸಿದು ಮಲಗಿದಾಗ ಒಂದು ಪ್ರಶ್ನೆ ಕಾಡಿತು. ನನ್ನ ಅಜ್ಜಿಯೂ ಈ ಸೀಮೆಯವಳೇ. ಅವಳ ಮನೆಯ ಊಟದಲ್ಲಿ ಇಷ್ಟು ತುಪ್ಪ ನನಗೆ ನೆನಪಿಲ್ಲ. ಹಾಗಾದರೆ ಇದು ಎಲ್ಲಿಂದ ಬಂತು, ಯಾವಾಗ ಬಂತು?

ಹಳೆಯ ಸಾಕ್ಷಿಗಳನ್ನು ನೋಡಿ. ಈ ಮೂರೂ ಊರು ಬ್ರಿಟಿಷರ ಕಾಲದಲ್ಲಿ ಬಾಂಬೆ ಪ್ರೆಸಿಡೆನ್ಸಿಯ ಧಾರವಾಡ ಜಿಲ್ಲೆಗೆ ಸೇರಿದ್ದವು. ಹಾವೇರಿ ಬೇರೆ ಜಿಲ್ಲೆಯಾದದ್ದು 1997ರಲ್ಲಿ. 1884ರಲ್ಲಿ ಅಚ್ಚಾದ ಬಾಂಬೆ ಗೆಜೆಟಿಯರ್‌ನ 22ನೇ ಸಂಪುಟ ಧಾರವಾಡದ್ದು. ಅದರಲ್ಲಿ ಒಂದೊಂದು ಜಾತಿಯವರೂ ಏನುಟ್ಟರು, ಏನುಂಡರು ಅನ್ನೋದನ್ನು ಬೇಸರ ಬರುವಷ್ಟು ಬರೆದಿಟ್ಟಿದ್ದಾರೆ. ಓದುತ್ತಾ ಹೋದರೆ ದಿನದ ಊಟ ಬಹುತೇಕ ಒಂದೇ ತರಹ: ಜೋಳದ ರೊಟ್ಟಿ, ಬೇಳೆ, ಕಾಯಿಪಲ್ಯ, ಖಾರ. ಉಳ್ಳವರಿಗೆ ಅದರ ಮೇಲೆ ಹಾಲು ತುಪ್ಪ. ಸಿಹಿ, ತುಪ್ಪ ಎಲ್ಲರ ತಾಟಿಗೂ ಬರೋದು ಹಬ್ಬಕ್ಕೆ, ಮದುವೆಗೆ. ಮಜ್ಜಿಗೆ ಇತ್ತು, ದನ ಇದ್ದವರ ಮನೆಯಲ್ಲಿ. ದನ ಇಲ್ಲದವರು ನೆರೆಮನೆಯಲ್ಲಿ ಕೇಳಿ ಇಸಕೊಂಡು ಬರುತ್ತಿದ್ದರು. ಕೇಳಲು ಹೋಗಲಾಗದ ಜಾತಿಯವರಿಗೆ ಅದೂ ಇಲ್ಲ. ಈ ಕೊನೆಯ ಮಾತನ್ನು ನಮ್ಮಂಥ ವೀಗನ್‌ಗಳು ಮರೆಯಬಾರದು. ನಾವು ಆರಿಸಿಕೊಂಡು ಬಿಟ್ಟಿರೋದು ಎಷ್ಟೋ ಜನಕ್ಕೆ ಕೊಡದೇ ಉಳಿಸಿದ ವಸ್ತು.

ಹಾಗಾದರೆ ಊಟಕ್ಕೆ ಜಿಡ್ಡು ಎಲ್ಲಿಂದ? ಬೀಜದಿಂದ. ಗುರೆಳ್ಳು, ಅಗಸಿ, ಎಳ್ಳು, ಕುಸುಬಿ. ಆಮೇಲೆ ಶೇಂಗಾ. ಈ ಶೇಂಗಾ, ಮತ್ತು ಬ್ಯಾಡಗಿಗೆ ಹೆಸರು ತಂದ ಮೆಣಸಿನಕಾಯಿ, ಎರಡೂ ಅಮೆರಿಕಾ ಖಂಡದಿಂದ ಪೋರ್ಚುಗೀಸರ ಕಾಲದ ನಂತರ ಬಂದವು. ಅಂದರೆ ನಾವು 'ಅಪ್ಪಟ ನಮ್ಮದು' ಅನ್ನೋ ಕೆಂಪು ಹಿಂಡಿಗೆ ಐದುನೂರು ವರ್ಷವೂ ತುಂಬಿಲ್ಲ. ಜೋಳ ಮಾತ್ರ ಬಹಳ ಹಳತು, ಅದರ ಮೂಲವೂ ಆಫ್ರಿಕಾ. ಪರವಾಗಿಲ್ಲ, ಬಂದವರೆಲ್ಲ ಒಂದೇ ತಾಟಿನಲ್ಲಿ ಚೆನ್ನಾಗಿ ಹೊಂದಿಕೊಂಡರು.

ದನಗಳ ಕತೆಯೂ ಇದಕ್ಕೆ ಹೊಂದುತ್ತೆ. ಅಮೃತಮಹಲ್, ಹಳ್ಳಿಕಾರ್, ಕಿಲಾರಿ, ಈ ಕಡೆಯ ಹೆಸರುವಾಸಿ ತಳಿಗಳೆಲ್ಲ ದುಡಿಮೆಯವು. ಹಾಲಿಗೆ ಅಷ್ಟಕ್ಕಷ್ಟೇ, ಹಾಲು ಬೇಕಿದ್ದವರು ಎಮ್ಮೆ ಕಟ್ಟುತ್ತಿದ್ದರು. ಹಾವೇರಿ ಸೀಮೆಯಲ್ಲಿ ದೀಪಾವಳಿ ಮುಗಿದ ಮೇಲೆ ಶುರುವಾಗುವ ಹೋರಿ ಹಬ್ಬ ನೋಡಿದ್ದೀರಾ? ಕೊಬ್ಬರಿ ಮಾಲೆ, ಬಲೂನು ಕಟ್ಟಿಕೊಂಡು ಓಡುವ ಹೋರಿ, ಮಾಲೆ ಹರಿಯಲು ಬೆನ್ನು ಹತ್ತುವ ಹುಡುಗರು. ಅಲ್ಲಿ ಜನ ಜೈಕಾರ ಹಾಕೋದು ಹೋರಿಯ ಹೆಸರಿಗೆ. (ಆ ಹಬ್ಬದ ಬಗ್ಗೆ ನನಗೆ ಬೇರೆ ತಕರಾರುಗಳಿವೆ, ಅದು ಇನ್ನೊಂದು ಬರಹ.)

ಈ ಒಣ ಊಟದ ಪರವಾಗಿ ವಾದ ಮಾಡಿದವರೂ ಇದೇ ಜಿಲ್ಲೆಯವರು. ಶಿಗ್ಗಾಂವಿ ತಾಲೂಕಿನ ಬಾಡದ ಕನಕದಾಸರು ರಾಮಧಾನ್ಯ ಚರಿತೆ ಬರೆದರು. ಭತ್ತಕ್ಕೂ ರಾಗಿಗೂ ಯಾರು ದೊಡ್ಡವರು ಅಂತ ಜಗಳ. ರಾಮ ಎರಡನ್ನೂ ಆರು ತಿಂಗಳು ಸೆರೆಯಲ್ಲಿಟ್ಟ. ಭತ್ತ ಸೊರಗಿತು, ರಾಗಿ ಹಾಗೇ ಇತ್ತು. ತಾಟಿನ ಮೇಲೆ ಯಾವುದು ಮೇಲು, ಯಾವುದು ಕೀಳು ಅನ್ನೋ ಪ್ರಶ್ನೆ ಜಾತಿಯ ಪ್ರಶ್ನೆಯೂ ಹೌದು ಅನ್ನೋದು ಕನಕರಿಗೆ ಚೆನ್ನಾಗಿ ಗೊತ್ತಿತ್ತು. ತುಪ್ಪವನ್ನೂ ಆ ಸೆರೆಗೆ ಹಾಕಿದ್ದರೆ ಏನಾಗುತ್ತಿತ್ತೋ!

ಮುಂದೆ ಬಂತು ಹೊರಗಿನ ಊಟ. 1880ರ ದಶಕದಲ್ಲಿ ಹುಬ್ಬಳ್ಳಿಯಿಂದ ಹರಿಹರದ ಕಡೆಗೆ ಸದರ್ನ್ ಮರಾಠಾ ರೈಲ್ವೆ ಹಳಿ ಹಾಕಿತು. ಹಾವೇರಿ, ಬ್ಯಾಡಗಿ, ರಾಣೇಬೆನ್ನೂರು ಮೂರೂ ಅದರ ಮೇಲೇ ಇವೆ. ಹತ್ತಿ, ಮೆಣಸಿನಕಾಯಿ ಮಾರಲು ಬಂದ ರೈತ, ದಲಾಲಿ, ಕಾರಕೂನ, ಹೈಸ್ಕೂಲಿನ ಹುಡುಗ, ಇವರೆಲ್ಲ ಊಟಕ್ಕೆ ಎಲ್ಲಿ ಹೋಗಬೇಕು? ಮರಾಠಿಯಿಂದ ಬಂದ ಪದ 'ಖಾನಾವಳಿ' ಅದಕ್ಕೆ ಉತ್ತರ. ತಿಂಗಳ ಲೆಕ್ಕದ ಊಟ, ಮನೆಯ ಹಾಗೇ. ಆದರೆ ದುಡ್ಡು ಕೊಟ್ಟು ಉಣ್ಣುವವನಿಗೆ ಮನೆಯ ಬಡ ಊಟ ಬಡಿಸಿದರೆ ಹೇಗೆ? ಹಬ್ಬದ ತುಪ್ಪ, ಮೊಸರು ಇಲ್ಲಿ ದಿನದ ಊಟದೊಳಗೆ ನುಸುಳಿದವು ಅಂತ ನನ್ನ ಅನುಮಾನ. ಆಮೇಲೆ ಕರಾವಳಿಯಿಂದ ಉಡುಪಿ ಹೋಟೆಲುಗಳು ಬಂದು ಕಾಫಿ, ತುಪ್ಪದ ದೋಸೆ, ಕೇಸರಿಬಾತು ಕಲಿಸಿದವು. ತುಂಗಭದ್ರೆಯ ಆಚೆ, ಒಂದು ತಾಸಿನ ದಾರಿಯಲ್ಲಿ, ದಾವಣಗೆರೆ ಬೆಣ್ಣೆದೋಸೆ ಹುಟ್ಟಿತು. ಇವತ್ತು ರಾಣೇಬೆನ್ನೂರಿನಲ್ಲಿ ಬೆಣ್ಣೆ ಇಲ್ಲದ ದೋಸೆ ಕೇಳಿದರೆ ಹುಡುಗ ಮಾಲೀಕನ ಮುಖ ನೋಡುತ್ತಾನೆ.

ನಡುವೆ ಒಂದು ತಮಾಷೆ ನಡೆಯಿತು. 1937ರಲ್ಲಿ ಡಾಲ್ಡಾ ಮಾರುಕಟ್ಟೆಗೆ ಬಂತು. ತುಪ್ಪದ ಹಾಗೆ ಕಾಣುವ, ತುಪ್ಪಕ್ಕಿಂತ ಅಗ್ಗವಾದ ವನಸ್ಪತಿ. ಹೋಟೆಲುಗಳು ಸದ್ದಿಲ್ಲದೆ ಅದಕ್ಕೆ ಬದಲಾದವು, ಜನ ಕಲಬೆರಕೆ ಅಂತ ಬೈದರು. ಬೈದವರು ತಿಂದ ಮೈಸೂರುಪಾಕು ಎಷ್ಟೋ ಸಲ ಪೂರ್ತಿ ಸಸ್ಯಜನ್ಯ! ನಮ್ಮ ದೇಶದಲ್ಲಿ ಅತಿ ಹೆಚ್ಚು ಜನಕ್ಕೆ ವೀಗನ್ ಸಿಹಿ ತಿನ್ನಿಸಿದ ಕೀರ್ತಿ ಡಾಲ್ಡಾ ಡಬ್ಬಿಗೆ ಸಲ್ಲಬೇಕು, ಹೃದಯದ ಡಾಕ್ಟರುಗಳು ಕ್ಷಮಿಸಲಿ.

ನಿಜವಾದ ಬದಲಾವಣೆ ಆದದ್ದು ನಮ್ಮ ಅಪ್ಪ ಅಮ್ಮಂದಿರ ಕಾಲದಲ್ಲಿ. 1970ರಲ್ಲಿ ಆಪರೇಷನ್ ಫ್ಲಡ್ ಶುರುವಾಯಿತು. ಕರ್ನಾಟಕದಲ್ಲಿ ಡೇರಿ ಅಭಿವೃದ್ಧಿ ಮೊದಲು ಹಳೇ ಮೈಸೂರು ಕಡೆ ನಡೆದು, ಆಮೇಲೆ ಉತ್ತರಕ್ಕೆ ಬಂತು. ಧಾರವಾಡ ಹಾಲು ಒಕ್ಕೂಟ 1986ರದ್ದು, ಹಾವೇರಿಯ ಹಳ್ಳಿಗಳೂ ಅದರಲ್ಲೇ ಇದ್ದವು. ಈಚೆಗೆ ಹಾವೇರಿಗೇ ಬೇರೆ ಒಕ್ಕೂಟವಾಗಿದೆ. 2008ರಲ್ಲಿ ಸರ್ಕಾರ ಲೀಟರಿಗೆ 2 ರೂಪಾಯಿ ಪ್ರೋತ್ಸಾಹಧನ ಕೊಡಲು ಶುರುಮಾಡಿತು, ಮುಂದೆ ಅದು 5 ಆಯಿತು. 2013ರಲ್ಲಿ ಕ್ಷೀರಭಾಗ್ಯ ಬಂದು ಶಾಲೆಯ ಮಕ್ಕಳಿಗೆ ಹಾಲು ಸಿಕ್ಕಿತು. ಒಂದು ಕಾಲದಲ್ಲಿ ದನ ಇದ್ದವರ ಮನೆಯ ವಸ್ತುವಾಗಿದ್ದ ಹಾಲು ಪ್ಯಾಕೆಟ್ಟಾಗಿ ಪಾನ್ ಅಂಗಡಿಯ ಮೂಲೆಯ ಕ್ರೇಟಿಗೆ ಬಂತು. ಚಹಾದಂಗಡಿಯವರು "ಕೇಟಿ" ಕೊಡೋದು ಸುಲಭವಾಯಿತು, ಕರೀ ಚಹಾ ಕೇಳೋದು ವಿಚಿತ್ರವಾಯಿತು.

ಇದನ್ನು ನಾನು ಖಾನಾವಳಿ ಮಾಲೀಕರಿಗೆ ಒಪ್ಪಿಸಲು ಮರುದಿನ ಪ್ರಯತ್ನಿಸಿದೆ. ಅವರು ಕೇಳಿಸಿಕೊಂಡು ಹೇಳಿದ್ದು ಇಷ್ಟು: "ಮಳಿ ಕೈ ಕೊಟ್ರ ಬೆಳಿ ಹೋಗತದ. ರೇಟ್ ಬಿದ್ರ ಮೆಣಸಿನಕಾಯಿ ಹೋಗತದ. ಹಾಲಿನ ಬಿಲ್ಲು ಮಾತ್ರ ಹೋಗೂದಿಲ್ರೀ. ನನ್ನ ಮಗಳ ಪಾಲಿಟೆಕ್ನಿಕ್ ಫೀ ಎರಡು ಎಮ್ಮಿ ಕಟ್ಟ್ಯಾವು." ಇದಕ್ಕೆ ನನ್ನ ಹತ್ತಿರ ಉತ್ತರ ಇರಲಿಲ್ಲ. ಈಗಲೂ ಇಲ್ಲ. ಕರುಗಳ ಬಗ್ಗೆ ನಾನು ಓದಿದ್ದು ಸುಳ್ಳಾಗಲಿಲ್ಲ, ಅವರ ಫೀ ರಸೀದಿಯೂ ಸುಳ್ಳಲ್ಲ.

ಈ ಇಕ್ಕಟ್ಟಿನಲ್ಲಿ ನಮಗಿಂತ ದೊಡ್ಡವರೂ ಸಿಕ್ಕಿಬಿದ್ದಿದ್ದರು. ಗಾಂಧೀಜಿ 1912ರಲ್ಲಿ ದಕ್ಷಿಣ ಆಫ್ರಿಕಾದ ಟಾಲ್‌ಸ್ಟಾಯ್ ಫಾರ್ಮಿನಲ್ಲಿದ್ದಾಗ ಹಾಲು ಬಿಟ್ಟರು. ಕಲ್ಕತ್ತಾದಲ್ಲಿ ಹಸು ಎಮ್ಮೆಗಳಿಗೆ ಕೊಡುತ್ತಿದ್ದ ಹಿಂಸೆಯ ಬಗ್ಗೆ ಓದಿದ್ದು ಒಂದು ಕಾರಣ. ಇಂಗ್ಲೆಂಡಿನ ಡೊನಾಲ್ಡ್ ವಾಟ್ಸನ್ 'ವೀಗನ್' ಅನ್ನೋ ಪದ ಕಟ್ಟಿ ಸಂಘ ಮಾಡಿದ್ದು 1944ರಲ್ಲಿ, ಅಂದರೆ ಮೂವತ್ತೆರಡು ವರ್ಷ ತಡವಾಗಿ. ಆದರೆ 1918ರಲ್ಲಿ ಕಾಯಿಲೆ ಬಿದ್ದಾಗ ಕಸ್ತೂರಬಾ, ಹಸು ಎಮ್ಮೆ ಬೇಡ ಅಂದರೆ ಮೇಕೆ ಹಾಲು ಕುಡಿಯಬಹುದಲ್ಲ ಅಂದರು. ಗಾಂಧೀಜಿ ಕುಡಿದರು, ವ್ರತದ ಆತ್ಮವನ್ನು ಕೊಂದೆ ಅಂತ ಕೊನೆಯವರೆಗೆ ಕೊರಗಿದರು. 1927ರಲ್ಲಿ ಬೆಂಗಳೂರಿನಲ್ಲಿ ವಿಶ್ರಾಂತಿಗೆ ಬಂದಾಗ ಇಲ್ಲಿನ ಇಂಪೀರಿಯಲ್ ಡೇರಿ ಸಂಸ್ಥೆಗೆ ಹೋಗಿ ಹೈನುಗಾರಿಕೆ ಕಲಿತವರೂ ಅವರೇ! ಅವರ ಹಿಂದೆ 1930ರಲ್ಲಿ ದಂಡಿಗೆ ನಡೆದವರಲ್ಲಿ ಕರ್ನಾಟಕದಿಂದ ಇದ್ದವನು ಒಬ್ಬನೇ, ಬ್ಯಾಡಗಿ ತಾಲೂಕಿನ ಮೋಟೆಬೆನ್ನೂರಿನ ಹುಡುಗ ಮೈಲಾರ ಮಹದೇವ. 1943ರ ಏಪ್ರಿಲ್ 1ರಂದು ಹೊಸರಿತ್ತಿಯಲ್ಲಿ ಗುಂಡಿಗೆ ಬಲಿಯಾದರು. ಮೋಟೆಬೆನ್ನೂರು ದಾಟುವಾಗಲೆಲ್ಲ, ಆ ನಡಿಗೆಯಲ್ಲಿ ಆತ ಏನುಂಡನೋ ಅಂತ ಅನಿಸುತ್ತೆ.

ಇನ್ನು ಕಾನೂನಿನ ಮಾತು. ಹೋಟೆಲಿನಲ್ಲಿ "ಪ್ಯೂರ್ ವೆಜ್ ರೀ" ಅಂದರೆ ಅದರೊಳಗೆ ಹಾಲು ಇದ್ದೇ ಇರುತ್ತೆ. 2011ರ ಆಹಾರ ಲೇಬಲ್ ನಿಯಮವೂ ಅದನ್ನೇ ಹೇಳಿತ್ತು: ಪ್ರಾಣಿಯಿಂದ ಬಂದದ್ದೆಲ್ಲ ಮಾಂಸಾಹಾರ, ಹಾಲು ಮತ್ತು ಹಾಲಿನ ಪದಾರ್ಥ ಬಿಟ್ಟು. ಆ 'ಬಿಟ್ಟು' ಅನ್ನೋ ಒಂದು ಪದದೊಳಗೆ ನನ್ನ ನಾಲ್ಕು ದಿನದ ಉಪವಾಸ ಕೂತಿದೆ. 2022ರಲ್ಲಿ ವೀಗನ್ ಆಹಾರಕ್ಕೇ ಬೇರೆ ನಿಯಮ, ಬೇರೆ ಹಸಿರು ಗುರುತು ಬಂತು. ಹಾವೇರಿಯ ಬೇಕರಿಗಳಲ್ಲಿ ಹುಡುಕಿದೆ, ಕಾಣಲಿಲ್ಲ. ಅದಕ್ಕೂ ಒಂದು ವರ್ಷ ಮೊದಲು ಇದೇ ಪ್ರಾಧಿಕಾರ ಸೋಯಾ, ಬಾದಾಮಿ ಪಾನೀಯಗಳನ್ನು 'ಹಾಲು' ಅಂತ ಮಾರಬೇಡಿ ಅಂತ ಹೇಳಿತ್ತು. ಹಾಲು ಅಂದರೆ ಪ್ರಾಣಿಯದ್ದೇ.

ಕನ್ನಡ ಯಾವತ್ತೂ ಹಾಗೆ ಅಂದಿಲ್ಲ. ಕಾಯಿ ಹಾಲು, ಎಕ್ಕದ ಹಾಲು, ಜೋಳದ ಹಾಲ್ದೆನೆ. ಮತ್ತು ಈ ಸೀಮೆಯದೇ ಕುಸುಬಿ ಹಾಲು. ಕುಸುಬಿ ಬೀಜ ನೆನೆಸಿ, ರುಬ್ಬಿ, ಬಟ್ಟೆಯಲ್ಲಿ ಹಿಂಡಿದರೆ ಬರುವ ಬಿಳಿ ಹಾಲು. ಅದರಲ್ಲಿ ಗೋಧಿ, ಬೆಲ್ಲ ಹಾಕಿ ಹುಗ್ಗಿ ಮಾಡುತ್ತಿದ್ದರು. ಅಜ್ಜಿ ಮಾಡುತ್ತಿದ್ದುದು ನನಗೆ ಆಮೇಲೆ ನೆನಪಾಯಿತು. ಉರಿ ಜಾಸ್ತಿಯಾದರೆ ಒಡೆದುಹೋಗುತ್ತೆ ಅಂತ ಒಲೆ ಬಿಟ್ಟು ಏಳುತ್ತಿರಲಿಲ್ಲ. ಯಾವ ಸ್ಟಾರ್ಟಪ್ಪೂ ಇಲ್ಲದೆ ಸಸ್ಯದ ಹಾಲು ಮಾಡಿಕೊಂಡಿದ್ದ ಊರು ಇದು. ಮುಂದೆ ಸೂರ್ಯಕಾಂತಿ ಬಂತು, ಪಾಮ್ ಎಣ್ಣೆ ಬಂತು, ಕುಸುಬಿ ಹೊಲದ ಅಂಚಿಗೂ ಉಳಿಯಲಿಲ್ಲ. ಜೋಳದ ಹೊಲಗಳಲ್ಲಿ ಈಗ ಗೋವಿನಜೋಳ. ಅದರಲ್ಲಿ ಬಹಳಷ್ಟು ಕೋಳಿಗೆ, ದನಕ್ಕೆ ಮೇವಾಗಿ ಹೋಗುತ್ತೆ.

ನನ್ನ ಹಾಗೆ ಈ ಕಡೆ ಬರುವವರಿಗೆ ಒಂದೆರಡು ಮಾತು. ಗಿರ್ಮಿಟ್ಟು, ಮಿರ್ಚಿ ಎಂದೂ ಕೈ ಬಿಡಲ್ಲ. 'ವೀಗನ್' ಅನ್ನೋ ಪದ ಬಳಸಬೇಡಿ, ಅದನ್ನು ಹೊಸ ಕಾಯಿಲೆ ಅಂದುಕೊಳ್ಳುತ್ತಾರೆ. ಚಪಾತಿಗಿಂತ ರೊಟ್ಟಿ ನಂಬಬಹುದು, ಹೈವೇ ಧಾಬಾಕ್ಕಿಂತ ಊರೊಳಗಿನ ಖಾನಾವಳಿ. ಬ್ಯಾಡಗಿಯಲ್ಲಿ ಮೆಣಸಿನಕಾಯಿ ತೊಟ್ಟು ಬಿಡಿಸುವ ಹೆಂಗಸರು ಮಧ್ಯಾಹ್ನ ಬುತ್ತಿ ಬಿಚ್ಚಿದಾಗ ನೋಡಿದೆ: ರೊಟ್ಟಿ, ಪುಂಡಿಪಲ್ಯ, ಗುರೆಳ್ಳು ಹಿಂಡಿ, ಉಳ್ಳಾಗಡ್ಡಿ. ನಾನು ಮೂರು ದಿನ ಹೋಟೆಲುಗಳಲ್ಲಿ ಹುಡುಕಿದ ಊಟ. "ಬರ್ರೀ, ಉಣ್ಣರಿ" ಅಂದರು. ಘಾಟಿಗೆ ಸೀನುತ್ತಾ ಒಂದು ರೊಟ್ಟಿ ಉಂಡೆ.

ಹೊರಡುವ ದಿನ ರಾಣೇಬೆನ್ನೂರಿನ ಆ ಖಾನಾವಳಿಗೆ ಮತ್ತೆ ಹೋದೆ. ತಾಟಿನಲ್ಲಿ ತುಪ್ಪ ಇರಲಿಲ್ಲ, ಹಿಂಡಿಗೆ ಶೇಂಗಾ ಎಣ್ಣೆ ಹಾಕಿದ್ದರು. ಕುಸುಬಿ ಹುಗ್ಗಿ ಗೊತ್ತೇನ್ರೀ ಅಂತ ಕೇಳಿದೆ. ಮಾಲೀಕರು ಒಳಗೆ ತಿರುಗಿ ಕೂಗಿದರು, "ಅವ್ವಾ, ಇವ್ರು ಕುಸುಬಿ ಹುಗ್ಗಿ ಕೇಳಾಕತ್ಯಾರ ನೋಡು." ಒಳಗಿನಿಂದ ಮುದುಕಿಯೊಬ್ಬರ ನಗು ಕೇಳಿಸಿತು. "ಕುಸುಬಿ ತಂದು ಕೊಡು ಅನ್ನು, ಮಾಡಿ ಹಾಕತೀನಿ."