ಧಣಿಯ ಚರಿತ್ರೆಯಲ್ಲಿ ಆಳಿನ ಹೆಸರು

ಶೇಕ್ಸ್‌ಪಿಯರನ 'ಜೂಲಿಯಸ್ ಸೀಸರ್' ನಾಟಕವನ್ನು ನಮ್ಮಲ್ಲಿ ಅನೇಕರು ಕಾಲೇಜಿನ ಪಠ್ಯವಾಗಿ ಓದಿದ್ದೇವೆ. ಬ್ರೂಟಸ್ ಯಾಕೆ ಇರಿದ, ಆಂಟನಿ ಹೇಗೆ ಭಾಷಣ ಮಾಡಿದ ಅಂತ ನೋಟ್ಸು ಬರೆದುಕೊಂಡು ಪಾಸಾಗಿದ್ದೇವೆ. ಆ ಬ್ರೂಟಸನಿಗೆ ಪಾಠ ಹೇಳಿದ ಮೇಷ್ಟ್ರು ಯಾರು ಅಂತ ನಮಗೆ ಯಾರೂ ಹೇಳಲಿಲ್ಲ. ನಾವೂ ಕೇಳಲಿಲ್ಲ.

ಅವನ ಹೆಸರು ಸ್ಟಬೇರಿಯಸ್ ಎರೋಸ್. ಹರಾಜಿನಲ್ಲಿ ಮಾರಾಟವಾದ ಗುಲಾಮ. ಓದಿನ ಮೇಲೆ ಅವನಿಗಿದ್ದ ಆಸೆ ನೋಡಿ ಅವನನ್ನು ಬಿಡುಗಡೆ ಮಾಡಿದರಂತೆ. ಬ್ರೂಟಸ್, ಕ್ಯಾಸಿಯಸ್ ಇಬ್ಬರೂ ಅವನ ಶಿಷ್ಯರು. ಸುಲ್ಲಾ ಎಂಬ ಸರ್ವಾಧಿಕಾರಿ ತನ್ನ ವಿರೋಧಿಗಳ ಪಟ್ಟಿ ಬರೆಸಿ, ಕೊಲ್ಲಿಸಿ, ಆಸ್ತಿ ಹರಾಜು ಹಾಕಿಸಿದನಲ್ಲ, ಆ ಕಾಲದಲ್ಲಿ ಪಟ್ಟಿಗೆ ಸೇರಿದವರ ಮಕ್ಕಳನ್ನು ಈ ಮೇಷ್ಟ್ರು ಫೀಜಿಲ್ಲದೆ ಶಾಲೆಗೆ ಸೇರಿಸಿಕೊಂಡ ಅನ್ನುವ ಮಾತಿದೆ. ಇದನ್ನು ಬರೆದಿಟ್ಟವನು ಸ್ವೆಟೋನಿಯಸ್. ಹನ್ನೆರಡು ಸೀಸರರ ಚರಿತ್ರೆ ಬರೆದವನು ಅಂತ ಜಗತ್ತು ಅವನನ್ನು ನೆನೆಯುತ್ತದೆ. ವ್ಯಾಕರಣದ ಮೇಷ್ಟ್ರುಗಳ ಬಗ್ಗೆ ಅವನು ಬರೆದ ಚಿಕ್ಕ ಪುಸ್ತಕ ಯಾರಿಗೂ ಬೇಡ. ಆ ಮೇಷ್ಟ್ರುಗಳಲ್ಲಿ ಎಷ್ಟೋ ಜನ ಗುಲಾಮಗಿರಿಯಿಂದ ಬಿಡುಗಡೆಯಾಗಿ ಬಂದವರು.

ಚಕ್ರವರ್ತಿಗಳ ಪುಸ್ತಕ ಭಾಷೆಯಿಂದ ಭಾಷೆಗೆ ಹೋಯಿತು, ಮೇಷ್ಟ್ರುಗಳ ಪುಸ್ತಕ ಮೂಲೆ ಸೇರಿತು. ಇದು ಬರೀ ಆಕಸ್ಮಿಕವೇ? ನಮಗೆ ಹಾಗನ್ನಿಸುವುದಿಲ್ಲ.

ರೋಮಿನ ನಾಯಕರ ಜೀವನಚರಿತ್ರೆ ಅಂದರೆ ಮೊದಲು ಬರುವ ಹೆಸರು ಪ್ಲುಟಾರ್ಕನದು. ಅವನು ರೋಮಿನವನಲ್ಲ. ಕ್ರಿ.ಶ. 46ರ ಆಸುಪಾಸಿನಲ್ಲಿ ಗ್ರೀಸಿನ ಕೆರೋನಿಯ ಎಂಬ ಸಣ್ಣ ಊರಲ್ಲಿ ಹುಟ್ಟಿದವನು. ಡೆಲ್ಫಿಯ ದೇವಸ್ಥಾನದಲ್ಲಿ ಪೂಜಾರಿಯಾಗಿದ್ದವನು. ರೋಮಿನ ಕೈಕೆಳಗಿದ್ದ ನಾಡಿನಲ್ಲಿ ಕೂತು, ಒಬ್ಬ ಗ್ರೀಕ, ಒಬ್ಬ ರೋಮನ್ ಹೀಗೆ ಜೋಡಿ ಜೋಡಿಯಾಗಿ ತೂಗಿ ನೋಡುತ್ತಾ ಗ್ರೀಕ್ ಭಾಷೆಯಲ್ಲಿ ಬರೆದ. ಅಲೆಕ್ಸಾಂಡರನಿಗೆ ಸೀಸರ್, ಡೆಮಾಸ್ತನೀಸನಿಗೆ ಸಿಸಿರೊ. ಸೋತ ನಾಡಿನವನು ಗೆದ್ದವರ ಜೊತೆ ತನ್ನವರನ್ನು ಸರಿಸಮ ಕೂರಿಸಿದ. ಅದು ಅವನ ಸ್ವಾಭಿಮಾನ. ಅದನ್ನು ನಾವು ಅಲ್ಲಗಳೆಯುವುದಿಲ್ಲ. ಆದರೆ ಆ ತಕ್ಕಡಿಯಲ್ಲಿ ಕೂತವರೆಲ್ಲ ಧಣಿಗಳೇ. ಗ್ರೀಸಿನ ಧಣಿ, ರೋಮಿನ ಧಣಿ. ಎರಡೂ ಕಡೆಯ ಆಳುಗಳು ತಕ್ಕಡಿ ಹೊತ್ತವರು.

ಆದರೂ ಪ್ಲುಟಾರ್ಕನನ್ನು ಸುಮ್ಮನೆ ಬಿಸಾಡಲು ಬರುವುದಿಲ್ಲ. ಯಾಕೆ ಅಂದರೆ ಅವನು ಧಣಿಯ ಮನೆಯ ಒಳಗೆಲ್ಲ ಓಡಾಡುತ್ತಾನೆ. ಅಂಗಳದ ವೈಭವ ಹೇಳುತ್ತಾ ಹೇಳುತ್ತಾ ಹಿತ್ತಲಿನ ಸಂಗತಿಯನ್ನೂ ಹೇಳಿಬಿಡುತ್ತಾನೆ.

ಹಿರಿಯ ಕೇಟೋನ ಕಥೆ ನೋಡಿ. ಕ್ರಿ.ಪೂ. 234ರಿಂದ 149ರವರೆಗೆ ಬದುಕಿದವನು. ಸರಳತೆಗೆ, ಶಿಸ್ತಿಗೆ ಹೆಸರಾದವನು. ಈ ಸರಳ ಜೀವಿ ಒಬ್ಬ ಗುಲಾಮನಿಗೆ ಸಾವಿರದೈನೂರು ದ್ರಾಕ್ಮಾಕ್ಕಿಂತ ಹೆಚ್ಚು ಕೊಡುತ್ತಿರಲಿಲ್ಲವಂತೆ. ನಾಯಿಮರಿ, ಕುದುರೆಮರಿ ಪಳಗಿಸಿದ ಹಾಗೆ ಪಳಗಿಸಬಹುದು ಅಂತ ಯುದ್ಧದ ಕೈದಿಗಳಲ್ಲಿ ಎಳೆಯರನ್ನೇ ಆರಿಸಿ ಕೊಳ್ಳುತ್ತಿದ್ದ. ಗುಲಾಮರು ಒಂದಾಗಿಬಿಟ್ಟರೆ ಅಂತ ಹೆದರಿ ಅವರೊಳಗೇ ಜಗಳ ಹಚ್ಚುತ್ತಿದ್ದ. ವಯಸ್ಸಾಗಿ ಬಗ್ಗಿದ ಮೇಲೆ ಮಾರಿಬಿಡುತ್ತಿದ್ದ. ಬೇಸಾಯದ ಮೇಲೆ ಕೇಟೋನೇ ಬರೆದ ಪುಸ್ತಕದಲ್ಲಿ ಮಾರಬೇಕಾದ ಸಾಮಾನುಗಳ ಪಟ್ಟಿಯಿದೆ: ಮುದಿ ಎತ್ತು, ಹಳೇ ಗಾಡಿ, ಹಳೇ ಕಬ್ಬಿಣದ ಸಾಮಾನು, ಮುದಿ ಗುಲಾಮ, ರೋಗಿಷ್ಠ ಗುಲಾಮ.

ಇಲ್ಲಿ ಪ್ಲುಟಾರ್ಕನಿಗೆ ಸಿಟ್ಟು ಬರುತ್ತದೆ. ನನಗಾಗಿ ದುಡಿದ ಎತ್ತನ್ನೇ ಮುದಿಯಾಯಿತು ಅಂತ ನಾನು ಮಾರಲಾರೆ, ಇನ್ನು ಮನುಷ್ಯನನ್ನು ಮಾರುವುದುಂಟೇ ಅಂತ ಕೇಳುತ್ತಾನೆ. ಅಥೆನ್ಸಿನಲ್ಲಿ ದೊಡ್ಡ ಗುಡಿ ಕಟ್ಟುವಾಗ ಕಲ್ಲು ಹೊತ್ತು ಮುದಿಯಾದ ಹೇಸರಗತ್ತೆಯೊಂದನ್ನು ಮೇಯಲು ಬಿಟ್ಟಿದ್ದರಂತೆ. ಅದು ತಾನಾಗಿ ಬಂದು ದುಡಿಯುವ ಉಳಿದ ಪ್ರಾಣಿಗಳ ಮುಂದೆ ಮುಂದೆ ದಿಣ್ಣೆ ಹತ್ತುತ್ತಿತ್ತಂತೆ. ಸಾಯುವ ತನಕ ಅದಕ್ಕೆ ಊರ ಖರ್ಚಿನಲ್ಲೇ ಮೇವು ಹಾಕಬೇಕು ಅಂತ ಜನ ತೀರ್ಮಾನ ಮಾಡಿದರಂತೆ. ಈ ಕಥೆ ಹೇಳಿ ಕೇಟೋನಿಗೆ ಮಂಗಳಾರತಿ ಎತ್ತುತ್ತಾನೆ. ಒಳ್ಳೆಯದೇ. ಆದರೆ ಗೆಳೆಯರೇ, ಮುದಿ ಗುಲಾಮನನ್ನು ಮಾರಬೇಡ ಅಂದವನು, ಎಳೆಯ ಗುಲಾಮನನ್ನು ಕೊಳ್ಳಬೇಡ ಅನ್ನಲಿಲ್ಲ. ಕರುಣೆ ನಿಲ್ಲುವ ಜಾಗ ಇದು. ಇಂಥ ಕರುಣೆಯನ್ನು ನಮ್ಮ ಕೇರಿಗಳೂ ಕಂಡಿವೆ.

ಅನುವಾದದ ಮಾತು ಇಲ್ಲೇ ಬರುತ್ತದೆ. ಪ್ಲುಟಾರ್ಕನನ್ನು 1559ರಲ್ಲಿ ಫ್ರೆಂಚಿಗೆ ತಂದವನು ಜಾಕ್ ಅಮ್ಯೋ. ಬಡವರ ಮನೆಯ ಹುಡುಗ. ಪ್ಯಾರಿಸ್ಸಿನಲ್ಲಿ ಉಳ್ಳವರ ಮಕ್ಕಳ ಚಾಕರಿ ಮಾಡಿಕೊಂಡು ಓದಿದ ಅಂತ ಹೇಳುತ್ತಾರೆ. ಮುಂದೆ ರಾಜಕುಮಾರರಿಗೆ ಗುರುವಾದ, ಬಿಷಪ್ಪನಾದ. ಪುಸ್ತಕವನ್ನು ರಾಜನಿಗೆ ಅರ್ಪಿಸಿದ. ಆ ಫ್ರೆಂಚಿನಿಂದ ಥಾಮಸ್ ನಾರ್ತ್ 1579ರಲ್ಲಿ ಇಂಗ್ಲಿಷಿಗೆ ತಂದು ಎಲಿಜಬೆತ್ ರಾಣಿಗೆ ಅರ್ಪಿಸಿದ. ನಾರ್ತನ ಪುಸ್ತಕದಿಂದ ಶೇಕ್ಸ್‌ಪಿಯರ್ ಸೀಸರನನ್ನು, ಆಂಟನಿಯನ್ನು, ಕೊರಿಯೊಲೇನಸನನ್ನು ಎತ್ತಿಕೊಂಡ. ನಮ್ಮ ತರಗತಿಗೆ ಬಂದು ಮುಟ್ಟಿದ್ದು ಈ ದಾರಿಯಿಂದ. ಅದೇ ಪುಸ್ತಕದಲ್ಲಿ ಸ್ಪಾರ್ಟಕಸನೂ ಇದ್ದ. ಅವನ ಮೇಲೆ ಶೇಕ್ಸ್‌ಪಿಯರ್ ನಾಟಕ ಬರೆಯಲಿಲ್ಲ.

1683ರಿಂದ ಡ್ರೈಡನ್ ಹೆಸರಿನಲ್ಲಿ ಹಲವು ಕೈಗಳ ಇನ್ನೊಂದು ಅನುವಾದ ಬಂತು. 1859ರಲ್ಲಿ ಕ್ಲಫ್ ಎಂಬ ಕವಿ ಅದನ್ನು ತಿದ್ದಿದ. ಕೇಟೋ ಮುದಿಯಾದವರನ್ನು ಮಾರುವ ಜಾಗದಲ್ಲಿ ಈ ಅನುವಾದದಲ್ಲಿರುವ ಪದ 'ಸರ್ವೆಂಟ್', ಅಂದರೆ ಸೇವಕ. 1914ರಲ್ಲಿ ಪೆರಿನ್ ಎಂಬ ವಿದ್ವಾಂಸ ಅದೇ ಜಾಗದಲ್ಲಿ 'ಸ್ಲೇವ್' ಅಂದ, ಅಂದರೆ ಗುಲಾಮ. ಹಳೇ ಇಂಗ್ಲಿಷಿನಲ್ಲಿ ಸರ್ವೆಂಟ್ ಪದಕ್ಕೆ ಅರ್ಥ ಅಗಲವಾಗಿತ್ತು ಅಂತ ಪಂಡಿತರು ಹೇಳಬಹುದು. ಇರಲಿ. ಆದರೆ ಡ್ರೈಡನ್ನನ ಪುಸ್ತಕ ಅಚ್ಚಾಗುವ ಹೊತ್ತಿನಲ್ಲೇ ಇಂಗ್ಲೆಂಡಿನ ಹಡಗುಗಳು ಆಫ್ರಿಕದ ಜನರಿಗೆ ಸರಪಣಿ ಹಾಕಿ ಸಾಗಿಸುತ್ತಿದ್ದವು. ಸೇವಕನನ್ನು ಯಾರಾದರೂ ಮಾರುತ್ತಾರಾ? ಮಾರಬಹುದಾದವನನ್ನು ಸೇವಕ ಅಂದರೆ ಅವನ ಕಾಲಿನ ಸರಪಣಿ ಓದುವವನ ಕಣ್ಣಿಗೆ ಬೀಳುವುದಿಲ್ಲ.

ನಮಗೆ ಇದು ಹೊಸದಲ್ಲ. ತಲೆತಲಾಂತರ ಬಿಟ್ಟಿ ದುಡಿದವನನ್ನು ನಮ್ಮ ಹಳ್ಳಿಗಳಲ್ಲಿ 'ಹಳೇಮಗ' ಅಂದರು. 'ಮನೆಮಗ ಇದ್ದ ಹಾಗೆ' ಅಂದರು. ಊಟ ಮಾತ್ರ ಕೊಟ್ಟಿಗೆಯಲ್ಲಿ, ನೀರು ಎತ್ತಿ ಬೊಗಸೆಗೆ. ಮಗನಾದರೆ ಆಸ್ತಿಯಲ್ಲಿ ಪಾಲೆಲ್ಲಿ? ಜೀತ ಪದ್ಧತಿಯನ್ನು ರದ್ದು ಮಾಡುವ ಕಾಯಿದೆ 1976ರಲ್ಲಿ ಬಂತು. ಕಾಯಿದೆ ಅದನ್ನು ಜೀತ ಅಂತಲೇ ಕರೆಯಿತು. ಮಗ ಅನ್ನೋ ಮಾತಿನ ಮುಸುಕು ಕಿತ್ತು, ಜೀತ ಅನ್ನೋ ಹೆಸರಿಟ್ಟ ಮೇಲೆ ತಾನೆ ಅದನ್ನು ಅಪರಾಧ ಅನ್ನಲು ಸಾಧ್ಯವಾಗಿದ್ದು? ಪ್ಲುಟಾರ್ಕನನ್ನು ಕನ್ನಡಕ್ಕೆ ತರುವವರು 'ಸೇವಕ', 'ಪರಿಚಾರಕ' ಅಂತ ನಯವಾಗಿ ಬರೆದರೆ ನಾವು ಒಪ್ಪಬಾರದು.

ಈಗ ಸ್ಪಾರ್ಟಕಸ್. ಪ್ಲುಟಾರ್ಕ್ ಅವನಿಗೆ ಬೇರೆ ಚರಿತ್ರೆ ಬರೆಯಲಿಲ್ಲ. ಅವನು ಸಿಗುವುದು ಕ್ರಾಸಸನ ಚರಿತ್ರೆಯ ಮಧ್ಯದಲ್ಲಿ, ಕೆಲವೇ ಅಧ್ಯಾಯಗಳಲ್ಲಿ. ಈ ಕ್ರಾಸಸ್ ರೋಮಿನ ಮಹಾ ಶ್ರೀಮಂತ. ಸುಲ್ಲಾ ಹರಾಜು ಹಾಕಿದವರ ಆಸ್ತಿ ಕೊಂಡವನು. ಕಟ್ಟಡ ಕೆಲಸ ಬಲ್ಲ ಐನೂರಕ್ಕೂ ಹೆಚ್ಚು ಗುಲಾಮರನ್ನು ಸಾಕಿದ್ದ. ಊರಲ್ಲಿ ಬೆಂಕಿ ಬಿದ್ದರೆ ಓಡಿಹೋಗಿ, ಉರಿಯುವ ಮನೆಯನ್ನೂ ಪಕ್ಕದ ಮನೆಯನ್ನೂ ಮೂರು ಕಾಸಿಗೆ ಕೊಳ್ಳುತ್ತಿದ್ದ. ಓದಿ ಹೇಳುವವರು, ಬರೆಯುವವರು, ಬೆಳ್ಳಿ ಕೆಲಸದವರು, ಬಡಿಸುವವರು ಎಲ್ಲರೂ ಗುಲಾಮರೇ. ಅವರ ಕಲಿಕೆಯನ್ನು ಅವನೇ ನಿಂತು ನೋಡಿಕೊಳ್ಳುತ್ತಿದ್ದ. ಗುಲಾಮರು ಮನೆತನದ ಜೀವವಿರುವ ಸಲಕರಣೆಗಳು ಅನ್ನುವುದು ಅವನ ತಿಳುವಳಿಕೆ.

ಕ್ರಿ.ಪೂ. 73. ಕಪುವಾ ಊರಲ್ಲಿ ಗ್ಲಾಡಿಯೇಟರುಗಳನ್ನು ಕೂಡಿಹಾಕಿದ್ದರು. ಜನರ ಮೋಜಿಗಾಗಿ ಒಬ್ಬರನ್ನೊಬ್ಬರು ಕೊಲ್ಲಬೇಕಾದವರು. ಇವರು ಅಪರಾಧ ಮಾಡಿ ಅಲ್ಲಿಗೆ ಬಂದವರಲ್ಲ, ಒಡೆಯನ ಅನ್ಯಾಯದಿಂದ ಬಿದ್ದವರು ಅಂತ ಪ್ಲುಟಾರ್ಕನೇ ಬರೆಯುತ್ತಾನೆ. ಇನ್ನೂರು ಜನ ಓಡಿಹೋಗಲು ಗುಟ್ಟಾಗಿ ಮಾತಾಡಿಕೊಂಡರು. ಯಾರೋ ಚಾಡಿ ಹೇಳಿದರು. ಎಪ್ಪತ್ತೆಂಟು ಜನ ಅಡುಗೆಮನೆಗೆ ನುಗ್ಗಿ, ಮಚ್ಚು, ಮಾಂಸ ಸುಡುವ ಸರಳು ಹಿಡಿದು ಹೊರಗೆ ಬಿದ್ದರು. ಲೋಕವನ್ನೇ ಆಳಿದ ರೋಮನ್ನು ನಡುಗಿಸಿದ ಯುದ್ಧದ ಮೊದಲ ಆಯುಧ ಅಡುಗೆಮನೆಯದು.

ಮೂರು ಸಾವಿರ ಸೈನಿಕರು ಅವರನ್ನು ಗುಡ್ಡದ ಮೇಲೆ ಮುತ್ತಿದರು. ಇದ್ದದ್ದು ಒಂದೇ ಇಕ್ಕಟ್ಟು ದಾರಿ, ಅಲ್ಲಿ ಕಾವಲು. ಮಿಕ್ಕ ಕಡೆ ಕಡಿದಾದ ಬಂಡೆ. ಇವರು ಕಾಡುದ್ರಾಕ್ಷಿಯ ಬಳ್ಳಿ ಕೊಯ್ದು, ಹೆಣೆದು, ಏಣಿ ಮಾಡಿ ಇಳಿದರು. ಕೊನೆಗೆ ಒಬ್ಬ ಮೇಲೆ ನಿಂತು ಎಲ್ಲರ ಆಯುಧ ಕೆಳಗಿಳಿಸಿ, ಆಮೇಲೆ ತಾನಿಳಿದ. ಅವನ ಹೆಸರು ಪ್ಲುಟಾರ್ಕ್ ಹೇಳುವುದಿಲ್ಲ. ಆ ಭಾಗದ ದನಗಾಹಿಗಳು, ಕುರುಬರು ಬಂದು ಸೇರಿಕೊಂಡರು. ಓಡಿಹೋದ ತನ್ನ ಸೈನಿಕರಿಗೆ ಬುದ್ಧಿ ಕಲಿಸಲು ಕ್ರಾಸಸ್ ಐನೂರು ಜನರನ್ನು ಹತ್ತು ಹತ್ತಾಗಿ ನಿಲ್ಲಿಸಿ, ಚೀಟಿ ಎತ್ತಿದ ಹಾಗೆ ಹತ್ತರಲ್ಲೊಬ್ಬನನ್ನು ಕೊಲ್ಲಿಸಿದ. ಗುಲಾಮರ ಪಡೆಯ ಒಂದು ಭಾಗ ಸೋತ ಒಂದು ಯುದ್ಧದಲ್ಲಿ ಸತ್ತವರು 12,300. ಬೆನ್ನಿಗೆ ಪೆಟ್ಟಿದ್ದದ್ದು ಇಬ್ಬರಿಗೆ ಮಾತ್ರ ಅನ್ನುತ್ತಾನೆ ಪ್ಲುಟಾರ್ಕ್.

ಕ್ರಿ.ಪೂ. 71ರ ಕೊನೆಯ ಯುದ್ಧಕ್ಕೆ ಮುಂಚೆ ಸ್ಪಾರ್ಟಕಸ್ ತನ್ನ ಕುದುರೆಯನ್ನೇ ಕಡಿದ. ಗೆದ್ದರೆ ಶತ್ರುವಿನ ಕುದುರೆಗಳಿವೆ, ಸೋತರೆ ಕುದುರೆಯೇ ಬೇಡ ಅಂದನಂತೆ. ಕ್ರಾಸಸನ ಕಡೆಗೇ ನುಗ್ಗಿದ; ಅವನ ತನಕ ಮುಟ್ಟಲಾಗದೆ, ಒಂಟಿಯಾಗಿ ನಿಂತು ಹೋರಾಡಿ ಬಿದ್ದ. ಸೆರೆಸಿಕ್ಕ ಆರು ಸಾವಿರ ಜನರನ್ನು ಕಪುವಾದಿಂದ ರೋಮಿನವರೆಗೆ ದಾರಿಯುದ್ದ ಶಿಲುಬೆಗೇರಿಸಿದರು. ಇದನ್ನು ಹೇಳುವವನು ಅಪ್ಪಿಯನ್ ಎಂಬ ಇನ್ನೊಬ್ಬ ಚರಿತ್ರೆಕಾರ. ಕ್ರಾಸಸನ ಚರಿತ್ರೆಯಲ್ಲಿ ಆ ಶಿಲುಬೆಗಳಿಲ್ಲ. ಅಲ್ಲಿರುವುದು ಗೆದ್ದ ಕೀರ್ತಿ ಕ್ರಾಸಸನದೋ ಪಾಂಪೆಯದೋ ಅನ್ನುವ ಧಣಿಗಳ ಕಿತ್ತಾಟ.

ಸ್ಪಾರ್ಟಕಸ್ ತನ್ನ ಸ್ಥಿತಿಗೆ ಮೀರಿದ ಬುದ್ಧಿವಂತ, ಥ್ರೇಸಿನವನಿಗಿಂತ ಗ್ರೀಕನಂತಿದ್ದ ಅಂತ ಪ್ಲುಟಾರ್ಕ್ ಹೊಗಳುತ್ತಾನೆ. ಈ ಹೊಗಳಿಕೆಯೂ ನಮಗೆ ಗೊತ್ತು. 'ನೋಡಿದರೆ ಅವರ ಪೈಕಿ ಅನ್ನಿಸೋದೇ ಇಲ್ಲ' ಅಂತ ನಮಗೂ ಹೇಳುತ್ತಾರೆ.

ಹಾಗಾದರೆ ಸ್ಪಾರ್ಟಕಸ್ ನಮ್ಮ ಪೂರ್ವಿಕನೇ? ಆತುರ ಬೇಡ. ಅಂಬೇಡ್ಕರ್ ರೋಮಿನ ಗುಲಾಮಗಿರಿಯನ್ನೂ ಅಸ್ಪೃಶ್ಯತೆಯನ್ನೂ ಪಕ್ಕ ಪಕ್ಕ ಇಟ್ಟು ಬರೆದಿದ್ದಾರೆ. ಆ ಹಸ್ತಪ್ರತಿ ಅವರು ತೀರಿಹೋದ ಎಷ್ಟೋ ವರ್ಷದ ಮೇಲೆ, 1989ರಲ್ಲಿ, ಸಮಗ್ರ ಬರಹಗಳ ಐದನೇ ಸಂಪುಟದಲ್ಲಿ ಅಚ್ಚಾಯಿತು. ರೋಮಿನ ಗುಲಾಮ ಮೇಷ್ಟ್ರಾಗಬಹುದಿತ್ತು, ವೈದ್ಯನಾಗಬಹುದಿತ್ತು, ಬಿಡುಗಡೆಯಾಗಬಹುದಿತ್ತು. ಆಸ್ತಿ ಅಂತಲಾದರೂ ಒಡೆಯ ಅವನ ಜೀವ ಕಾಯುತ್ತಿದ್ದ. ಅಸ್ಪೃಶ್ಯನಿಗೆ ಅದೂ ಇಲ್ಲ ಅನ್ನುವುದು ಅವರ ವಾದ. ಕೇಟೋನ ಮನೆಯಲ್ಲಿ ಕೈಲೋ ಎಂಬ ಗುಲಾಮ ಮೇಷ್ಟ್ರಿದ್ದ. ಬೇರೆ ಮಕ್ಕಳಿಗೆ ಪಾಠ ಹೇಳುತ್ತಿದ್ದ. ತನ್ನ ಮಗನ ಕಿವಿ ಹಿಂಡಲು ಗುಲಾಮನಿಗೆ ಅವಕಾಶ ಬೇಡ, ವಿದ್ಯೆಯ ಋಣ ಗುಲಾಮನಿಗೆ ಬೀಳಬಾರದು ಅಂತ ಕೇಟೋ ತಾನೇ ಮಗನಿಗೆ ಕಲಿಸಿದ. ಅಷ್ಟು ಸೊಕ್ಕಿನ ರೋಮಿನಲ್ಲೂ ಗುಲಾಮನ ಕೈಗೆ ಅಕ್ಷರ ಸಿಕ್ಕಿತ್ತು. ನಮ್ಮ ಮನೆಗಳಲ್ಲಿ ಮೊದಲ ಡಿಗ್ರಿ ಪಡೆದವರು ನಾವೇ.

ಸ್ಪಾರ್ಟಕಸನ ಜೊತೆ ಅವನ ಹೆಂಡತಿಯೂ ತಪ್ಪಿಸಿಕೊಂಡು ಬಂದಿದ್ದಳು. ಮೈಮೇಲೆ ದೇವರು ಬಂದು ಕಣಿ ಹೇಳುತ್ತಿದ್ದವಳು ಅಂತ ಪ್ಲುಟಾರ್ಕ್ ಬರೆಯುತ್ತಾನೆ. ಹೆಸರು ಬರೆಯುವುದಿಲ್ಲ. ಎರಡು ಸಾವಿರ ವರ್ಷ ಎಷ್ಟು ಜನ ಎಷ್ಟು ಚೆನ್ನಾಗಿ ಅನುವಾದ ಮಾಡಿದರೂ, ಮೂಲದಲ್ಲಿ ಇಲ್ಲದ ಹೆಸರನ್ನು ಯಾರು ತರಲು ಸಾಧ್ಯ? ಊರೂರಿನ ಶಾಲೆಗಳಲ್ಲಿರುವ ಮೇಷ್ಟ್ರುಗಳಿಗೆ, ಹಾಸ್ಟೆಲುಗಳಲ್ಲಿರುವ ಗೆಳೆಯರಿಗೆ ನಾವು ಕೇಳುವುದು ಇಷ್ಟೇ. ನಿಮ್ಮ ಊರಲ್ಲಿ ಜೀತಕ್ಕಿದ್ದು ಬದುಕುಳಿದ ಮುದುಕರು, ಮುದುಕಿಯರು ಇನ್ನೂ ಇದ್ದಾರೆ. ಹೋಗಿ ಕೂತು, ಹೆಸರು ಕೇಳಿ, ಬರೆದುಕೊಳ್ಳಿ. ಯಾರ ಮನೆಯಲ್ಲಿ, ಎಷ್ಟು ವರ್ಷ, ಎಷ್ಟು ಸಾಲಕ್ಕೆ ಅಂತಲೂ ಬರೆದುಕೊಳ್ಳಿ. ಅವರು ಹೋದ ಮೇಲೆ ಧಣಿಯ ಚರಿತ್ರೆಯಲ್ಲಿ ಹುಡುಕಿದರೆ ಸಿಗುವುದಿಲ್ಲ.