ಕಪ್ಪತಗುಡ್ಡ: ಭೂಗೋಳ ಮತ್ತು ಇತಿಹಾಸ

ಕಪ್ಪತಗುಡ್ಡವು ಗದಗ, ಮುಂಡರಗಿ, ಶಿರಹಟ್ಟಿ ತಾಲ್ಲೂಕುಗಳಲ್ಲಿ ಹಬ್ಬಿರುವ ಬೆಟ್ಟಸಾಲು. ಗದಗ ಸಮೀಪದ ಬಿಂಕದಕಟ್ಟಿಯಿಂದ ತುಂಗಭದ್ರೆಯ ದಂಡೆಯ ಸಿಂಗಟಾಲೂರಿನವರೆಗೆ ಸುಮಾರು 65 ಕಿ.ಮೀ. ಚಾಚಿದೆ. 1997ರವರೆಗೆ ಈ ಗುಡ್ಡ ಧಾರವಾಡ ಜಿಲ್ಲೆಯಲ್ಲಿತ್ತು.

ಇಲ್ಲಿ ಬೆಂಕಿ ಉಗುಳುವ ಬಾಯಿ ಎಲ್ಲೂ ಕಾಣದು. ಆದರೂ ಗುಡ್ಡದ ಬಹುಪಾಲು ಕಲ್ಲು ಜ್ವಾಲಾಮುಖಿಯದೇ. 250 ಕೋಟಿ ವರ್ಷಗಳಿಗೂ ಹಿಂದೆ ಕಡಲತಳದಲ್ಲಿ ಉಕ್ಕಿದ ಲಾವಾ ನೀರು ತಗುಲುತ್ತಲೇ ದುಂಡುದುಂಡಾಗಿ, ದಿಂಬುಗಳನ್ನು ಒಟ್ಟಿದಂತೆ ಹೆಪ್ಪುಗಟ್ಟಿತು. ಇಂಥ ರಚನೆಯನ್ನು ಸ್ಪಷ್ಟವಾಗಿ ನೋಡಬಯಸುವವರು ಚಿತ್ರದುರ್ಗ ಜಿಲ್ಲೆಯ ಮರಡಿಹಳ್ಳಿಗೆ ಹೋಗಬೇಕು. ಅದು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕ. ಮುಂದೆ ಭೂಮಿಯ ಒತ್ತಡಕ್ಕೂ ಕಾವಿಗೂ ಸಿಕ್ಕಿ, ಲಾವಾದಿಂದಾದ ಬಸಾಲ್ಟು ಕಲ್ಲು ಹಸಿರು ಛಾಯೆಯ ಪದರಗಲ್ಲಾಯಿತು. ಜೊತೆಗಿದ್ದ ಕಬ್ಬಿಣದ ಗಟ್ಟಿ ಪದರಗಳು ಸುಲಭಕ್ಕೆ ಸವೆಯದೆ ಏಣುಗಳಾಗಿ ಉಳಿದವು. ಹಾವೇರಿ–ರಾಣೆಬೆನ್ನೂರು ಬಯಲೂ ಈ ಗುಡ್ಡದಂತೆಯೇ ಪ್ರಾಚೀನ ಧಾರವಾಡ ಶಿಲಾವರ್ಗಕ್ಕೆ ಸೇರಿದ್ದು. ಅಲ್ಲಿನ ಕಡಲ ಮಡ್ಡಿಗಲ್ಲಿಗೆ ಭೂವಿಜ್ಞಾನಿಗಳು ಕೊಟ್ಟಿರುವುದು ರಾಣೆಬೆನ್ನೂರಿನ ಹೆಸರನ್ನೇ.

ಲಾವಾಶಿಲೆಯ ಬಿರುಕುಗಳಲ್ಲಿ ಬಿಸಿನೀರು ಹರಿದು ಬೆಣಚುಕಲ್ಲಿನ ಎಳೆಗಳೂ ಅವುಗಳೊಳಗೆ ಚಿನ್ನವೂ ನೆಲೆಗೊಂಡವು. ಡೋಣಿ ಗ್ರಾಮದ ಸುತ್ತಿನ ಹಳ್ಳಗಳಲ್ಲಿ ಮರಳು ತೊಳೆದು ಚಿನ್ನ ಆಯುತ್ತಿದ್ದ ಜಾಲಗಾರರು ಈ ಗುಡ್ಡವನ್ನು ಎಲ್ಲರಿಗಿಂತ ಚೆನ್ನಾಗಿ ಬಲ್ಲವರಾಗಿದ್ದರು. ಸರಕಾರಿ ಭೂವಿಜ್ಞಾನಿ ರಾಬರ್ಟ್ ಬ್ರೂಸ್ ಫೂಟ್ ‘ಡಂಬಳ ಬೆಟ್ಟಗಳು’ ಎಂದು ಕರೆದ ಈ ಸಾಲಿನ ಚಿನ್ನದ ಶಿಲೆಗಳ ಕುರಿತು ವರದಿ ಪ್ರಕಟಿಸಿದ್ದು 1874ರಲ್ಲಿ. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಹೊಸೂರು, ಅತ್ತಿಕಟ್ಟಿ ಭಾಗದಲ್ಲಿ ಕಂಪನಿಗಳು ಗಣಿ ತೋಡಿದವು. ಶಿರಹಟ್ಟಿ ಆಗ ಸಾಂಗಲಿ ಸಂಸ್ಥಾನಕ್ಕೆ ಸೇರಿದ್ದರಿಂದ ಒಂದು ಗಣಿಗೆ ಸಾಂಗಲಿಯ ಹೆಸರೇ ನಿಂತಿತು.

ಗುಡ್ಡದ ನಿಜವಾದ ಐಶ್ವರ್ಯ ಮೇಲಿದೆ. ಕುರುಚಲು ಕಾಡಿನ ಔಷಧಿ ಸಸ್ಯಗಳನ್ನು ಅರಸಿ ನಾಟಿ ವೈದ್ಯರು ದೂರದಿಂದ ಬರುತ್ತಾರೆ. ಕಪ್ಪತಮಲ್ಲೇಶ್ವರ ಗುಡಿಯೂ ನಂದಿವೇರಿ ಮಠವೂ ಈ ಸಾಲಿನಲ್ಲಿವೆ. ತಪ್ಪಲಿನ ಡಂಬಳದಲ್ಲಿ ನಕ್ಷತ್ರಾಕಾರದ ತಳವಿನ್ಯಾಸದ ದೊಡ್ಡಬಸಪ್ಪ ದೇವಾಲಯವಿದೆ.

2011ರಲ್ಲಿ ಹಳ್ಳಿಗುಡಿ ಬಳಿ ಪೋಸ್ಕೊ ಉಕ್ಕಿನ ಕಾರ್ಖಾನೆ ಬರಲಿದ್ದಾಗ ರೈತರು ಬೀದಿಗಿಳಿದರು. ಗದಗಿನ ತೋಂಟದ ಸಿದ್ಧಲಿಂಗ ಸ್ವಾಮೀಜಿ ಮುಂದೆ ನಿಂತರು, ಯೋಜನೆ ಕೈಬಿಡಲಾಯಿತು. 2015ರಲ್ಲಿ ಗುಡ್ಡಕ್ಕೆ ದೊರೆತ ಸಂರಕ್ಷಿತ ಪ್ರದೇಶದ ಸ್ಥಾನವನ್ನು ಮರುವರ್ಷವೇ ಸರಕಾರ ಹಿಂಪಡೆದದ್ದು ಸಮರ್ಥಿಸಲಾಗದ ನಡೆ. ಜನ ಮತ್ತೆ ಹೋರಾಡಿ 2017ರಲ್ಲಿ ಅದನ್ನು ಮರಳಿ ಪಡೆದರು. 2019ರಲ್ಲಿ 244.15 ಚದರ ಕಿ.ಮೀ. ಪ್ರದೇಶವನ್ನು ಕಪ್ಪತಗುಡ್ಡ ವನ್ಯಜೀವಿಧಾಮವೆಂದು ಘೋಷಿಸಲಾಯಿತು.