ಪದ ಪರಿಚಯ: ಇಕಾಮಾ

ಸೌದಿಯ ಅಸೀರ್ ಪ್ರಾಂತ್ಯದ ರಾಜಧಾನಿ ಅಭಾ, ಸುಮಾರು 2,200 ಮೀಟರ್ ಎತ್ತರದ ಬೆಟ್ಟದೂರು. ಅಲ್ಲಿಗೆ ದುಡಿಯಲು ಹೋದ ನಮ್ಮ ಕರಾವಳಿಯವರ ಮಾತಿನಲ್ಲಿ ‘ಇಕಾಮಾ ಮುಗೀತು’, ‘ಇಕಾಮಾ ಇನ್ನೂ ಆಗಿಲ್ಲ’ ಎಂಬುದು ದಿನನಿತ್ಯದ್ದು. ವಾಸದ ಪರವಾನಗಿ ಕಾರ್ಡಿಗೆ ಈ ಹೆಸರು. ಇದರ ಮೂಲವಾದ ಅರಬ್ಬಿಯ ‘ಕ್‌-ವ್‌-ಮ್’ ಧಾತುವಿಗೆ ನಿಲ್ಲು ಎಂದರ್ಥ. ನಮಾಜು ಶುರುವಾಗುವ ಮುನ್ನ ಕೂಗುವುದೂ ಇಕಾಮತ್ತೇ. ಪಾರಸಿಯ ದಾರಿ ಹಿಡಿದು ಕನ್ನಡಕ್ಕೆ ಬಂದ ಕಾಯಂ, ಮೊಕ್ಕಾಂ, ಕೋಮು ಇದೇ ಧಾತುವಿನ ಮಕ್ಕಳು. ಈ ಕಾರ್ಡಿನ ಸಂಬಂಧ ಮಾತ್ರ ಕಾಯಮ್ಮಿಗಿಂತ ಮೊಕ್ಕಾಮಿಗೇ ಹತ್ತಿರ! 2015ರಲ್ಲಿ ಅಧಿಕೃತ ಹೆಸರು ‘ಹವಿಯ್ಯತ್ ಮುಕೀಮ್’ (ನಿವಾಸಿಯ ಗುರುತು) ಎಂದು ಬದಲಾಯಿತು. ಬಾಯಲ್ಲಿ ಉಳಿದದ್ದು ಹಳೆಯದೇ.

ನರ್ಸ್ ಕೆಲಸಕ್ಕೆ ಹೋದವಳಿಗೆ ಸ್ವಂತ ಇಕಾಮಾ. ಗಂಡನೊಡನೆ ಹೋದವಳದು ಗಂಡನ ಇಕಾಮಾಕ್ಕೆ ಜೋತುಬಿದ್ದದ್ದು. ಅವಳು ‘ಮುರಾಫಿಕಾ’, ಜೊತೆಗೆ ಬಂದವಳು. 2017ರ ಜುಲೈಯಿಂದ ಅಂಥ ಪ್ರತಿ ಅವಲಂಬಿತರಿಗೂ ತಿಂಗಳಿಗೆ 100 ರಿಯಾಲ್ ಶುಲ್ಕ ಬಂತು, 2020ಕ್ಕೆ ಅದು 400. ಎಷ್ಟೋ ಹೆಂಗಸರು ಮಕ್ಕಳೊಂದಿಗೆ ಊರಿಗೆ ಮರಳಿದ್ದು ಈ ಲೆಕ್ಕಕ್ಕೇ. ಪಾಸ್‌ಪೋರ್ಟ್ ಎಲ್ಲರದೂ ಭಾರತದ್ದು. ಅಭಾದಲ್ಲೇ ಹುಟ್ಟಿ ಅರಬ್ಬಿ ಮಾತಾಡುವ ಮಗಳಿಗೂ ಅಷ್ಟೆ: ಸೌದಿ ಪ್ರಜೆಗಳ ಗುರುತಿನ ಸಂಖ್ಯೆ 1ರಿಂದ ಶುರು, ಅವಳ ಇಕಾಮಾದ್ದು 2ರಿಂದ.